ನಾಲ್ಕನೆಯ ಗುಂಡಿ

ಕಡುಬಿನ ಡಬ್ಬಿ ತೊಡೆಯ ಮೇಲೆ ಸುಡುತ್ತಿತ್ತು. ಅದನ್ನು ಕಾಲ ಬಳಿ ಇಡಬಹುದು ಎಂದು ಮೃತ್ಯುಂಜಯನಿಗೆ ಹೊಳೆದದ್ದು ಕಾರು ಸಕಲೇಶಪುರದ ಪೇಟೆ ದಾಟಿ ಹೆಗ್ಗದ್ದೆಯ ದಾರಿ ಹಿಡಿದ ಮೇಲೆ. ಹೊಳೆದ ಮೇಲೂ ಇಡಲಿಲ್ಲ. ಸುಡಲಿ ಎನ್ನಿಸಿತು. ಪಕ್ಕದಲ್ಲಿ ಮಗಳು ಕೃತಿಕಾ ಸ್ಟೀರಿಂಗಿನ ಮೇಲೆ ಬೆರಳು ಕುಟ್ಟುತ್ತ ಏನೋ ಗುನುಗುತ್ತಿದ್ದಳು. ಸೈಟಿಗೆ ಹೋಗುವಾಗ ಜೀನ್ಸ್ ಬಿಟ್ಟು ಬೇರೆ ತೊಡದವಳು ಇವತ್ತು ತಾಯಿಯ ನೀಲಿ ಸೀರೆ ಉಟ್ಟಿದ್ದಳು, ಯಾಕೆಂದರೆ ಇವತ್ತು ಅವಳು ಕೂರುವ ದಿನ. ಹೆಗ್ಗದ್ದೆಯ ಗುಡ್ಡದ ಮೇಲೆ ಕಾಫಿ ವ್ಯಾಪಾರಿ ಅಸಾದುಲ್ಲಾ ಕಟ್ಟಿಸುತ್ತಿರುವ ಮನೆಯ ಕಾಂಕ್ರೀಟ್ ಮಾಡಿಗೆ, ಈ ಕಡೆಯ ಮಾತಿನಲ್ಲಿ ಮೋಲ್ಡಿಗೆ, ಕೊಟ್ಟಿದ್ದ ಆಸರೆಗಳನ್ನು ಇವತ್ತು ಬಿಚ್ಚುತ್ತಾರೆ. ಬಿಚ್ಚುವಾಗ ಆ ಮೋಲ್ಡಿನ ಕೆಳಗೆ, ಆಸರೆ ಕಂಬಗಳ ನಡುವೆ, ಮನೆಯ ನಕ್ಷೆ ಬರೆದವರು, ಇಲ್ಲವೆ ಅವರ ಮನೆಯವರು, ಚಾಪೆ ಹಾಕಿಕೊಂಡು ಕೂತು ಕಡುಬು ತಿನ್ನಬೇಕು. ಕೊನೆಯ ಕಂಬ ಹೋಗುವ ತನಕ ಏಳುವಂತಿಲ್ಲ. ಮೃತ್ಯುಂಜಯನ ತಂದೆ ಜವರಪ್ಪನ ಕಾಲದಿಂದ ನಡೆದುಬಂದ ಪದ್ಧತಿ ಇದು. ಎಷ್ಟು ಜನ ಎಂಜಿನಿಯರುಗಳು ಬಂದು ಗಾಜಿನ ಆಫೀಸು ತೆರೆದರೂ ಈ ಸೀಮೆಯ ಜನ ‘ಜವರಪ್ಪ ಅಂಡ್ ಸನ್’ ಎಂಬ ಹಳೆಯ ಬೋರ್ಡಿನ ಕೆಳಗಿನ ಮೆಟ್ಟಿಲನ್ನೇ ಹತ್ತುತ್ತಾರೆ ಅಂದರೆ ಅದಕ್ಕೆ ಆ ಚಾಪೆಯೇ ಕಾರಣ.

“ಯಾಕಪ್ಪ, ಮಾತೇ ಇಲ್ಲ” ಎಂದಳು ಕೃತಿಕಾ.

“ಫಾರೆಸ್ಟ್‌ನೋರ ಆನೆ ಮೆಸೇಜ್ ಏನಾದ್ರೂ ಬಂದೈತಾ ನೋಡ್ದ್ಯಾ?”

“ಬೆಳಿಗ್ಗೆನೇ ನೋಡ್ದೆ. ಎಲ್ಲಾ ಆಲೂರು ಕಡೆ ಇಳ್ದುಬುಟ್ಟವೆ. ನಮ್ ದಾರಿ ಕ್ಲಿಯರ್.”

ಬೇಡದ ದಿನಗಳಲ್ಲೆಲ್ಲ ದಾರಿಗೆ ಅಡ್ಡ ನಿಲ್ಲುವ ಆನೆಗಳು ಬೇಕಾದ ದಿನವೇ ಆಲೂರಿಗೆ ಹೋಗಿದ್ದವು. ಅವುಗಳ ಮೇಲೆ ಅವನಿಗೆ ನಿಜವಾಗಿ ಸಿಟ್ಟು ಬಂತು, ಬಂದ ಕೂಡಲೇ ನಾಚಿಕೆಯೂ ಆಯಿತು. ತಾನು ಹೇಳಬೇಕಾದದ್ದನ್ನು ಆನೆ ಬಂದು ತಪ್ಪಿಸಲಿ ಎಂದು ಕಾಯುವ ಸ್ಥಿತಿಗೆ ಅರವತ್ತು ದಾಟಿದ ಗಂಡಸು ಬರಬಾರದು. ತಿರುವಿನಲ್ಲಿ ಗುಡ್ಡದ ಒಂದು ಮಗ್ಗುಲು ಹೋದ ವರ್ಷ ಕುಸಿದದ್ದು ಇನ್ನೂ ಹಸಿಹಸಿಯಾಗಿ, ಕೆಂಪಗೆ ತೆರೆದುಕೊಂಡಿತ್ತು. ಅದರ ಮೇಲೆ ಯಾರೋ ನೀಲಿ ಟಾರ್ಪಾಲು ಹೊದಿಸಿದ್ದರು. ಗುಡ್ಡಕ್ಕೆ ಟಾರ್ಪಾಲು ಹೊದಿಸಿ ಏನು ಬಂತು ಭಾಗ್ಯ ಎಂದುಕೊಳ್ಳುತ್ತಲೇ ಅವನು ಮುಖ ತಿರುಗಿಸಿದ. ಕೃತಿಕಾ ನೋಡಲಿಲ್ಲ, ಅವಳ ಕಣ್ಣು ರಸ್ತೆಯ ಮೇಲಿತ್ತು.

ಮೋಲ್ಡಿನ ಮನೆ ಎಂದರೆ ಜನ ಹೆದರುತ್ತಿದ್ದ ಕಾಲ ಒಂದಿತ್ತು. ಹೆಂಚಿನ ಮಾಡು ಗೊತ್ತು, ಹುಲ್ಲಿನ ಮಾಡು ಗೊತ್ತು. ಜಲ್ಲಿ ಸಿಮೆಂಟು ಕಲಸಿ ತಲೆಯ ಮೇಲೆ ಮಲಗಿಸ್ತಾರಂತೆ, ಕೆಳಗೊಂದು ತೊಲೆಯೂ ಇಲ್ಲವಂತೆ ಎಂದು ಸಂತೆಯಲ್ಲಿ ಆಡಿಕೊಂಡು ನಗುತ್ತಿದ್ದರು. ಘಟ್ಟದ ರೈಲುಹಾದಿಯ ಸೇತುವೆಗಳಲ್ಲಿ ಕೆಲಸ ಕಲಿತು ಬಂದಿದ್ದ ಜವರಪ್ಪ ಆಲೂರಿನ ಒಬ್ಬ ವರ್ತಕನಿಗೆ ಮೊದಲ ಮೋಲ್ಡು ಹಾಕಿದಾಗ ಆಸರೆ ಬಿಚ್ಚಲು ಆಳುಗಳೇ ಒಳಕ್ಕೆ ಹೋಗಲಿಲ್ಲ. ಆಗ ಜವರಪ್ಪ ಹೆಂಡತಿ ಚೆಲುವಮ್ಮನ ಕೈಯಿಂದ ಕಡುಬಿನ ತಟ್ಟೆ ಇಸಿದುಕೊಂಡು ಒಳಗೆ ಹೋಗಿ ಕೂತು, “ನಾನು ಉಣ್ತಾ ಇರ್ತೀನಿ, ನೀವು ಹೊರಗಿಂದ ಹಗ್ಗ ಕಟ್ಟಿ ಎಳೀರಿ” ಎಂದಿದ್ದನಂತೆ. ಕಡುಬು ಮುಗಿಯಿತು, ಕಂಬಗಳೂ ಮುಗಿದವು, ಮೋಲ್ಡು ಇದ್ದಲ್ಲೇ ಇತ್ತು. ಎರಡನೆಯ ಮನೆಗೆ ಹೆಂಡತಿಯನ್ನು ಕೂರಿಸಿದ. ಒಬ್ಬನೇ ಕೂತರೆ ಜನ ಹುಚ್ಚು ಧೈರ್ಯ ಅಂತಾರೆ, ಹೆಂಡತಿ ಮಕ್ಕಳನ್ನು ಕೂರಿಸಿದರೆ ನಂಬ್ತಾರೆ ಎಂಬುದು ಅವನಿಗೆ ಬೇಗ ತಿಳಿಯಿತು. ಕಾಫಿ ಸ್ಟೋರುಗಳು, ಕೂಲಿ ಲೈನುಗಳು, ಪೇಟೆಯ ಅಂಗಡಿಸಾಲು, ಎಸ್ಟೇಟ್ ಬಂಗಲೆಗಳು, ಎಲ್ಲದರ ಕೆಳಗೂ ಈ ಮನೆಯವರು ಕೂತೆದ್ದಿದ್ದರು. ಮೃತ್ಯುಂಜಯನ ಹೆಂಡತಿ ಭದ್ರಮ್ಮ ಮದುವೆಯಾಗಿ ಬಂದ ವರ್ಷವೇ ಒಂದು ಸಿನಿಮಾ ಟಾಕೀಸಿನ ಬಾಲ್ಕನಿಯ ಕೆಳಗೆ ಕೂತಿದ್ದಳು. ನಿಮ್ಮಪ್ಪ ಹೆಣ್ಣು ನೋಡೋಕೆ ಬಂದಾಗ ನನ್ನ ಮುಖ ನೋಡ್ಲಿಲ್ಲ, ಹೆದರ್ತಾಳಾ ಇಲ್ವಾ ಅಂತ ನೋಡಿದ್ರು ಎಂದು ಈಗಲೂ ಗಂಡನ ಮುಂದೆ ಆಡಿಕೊಳ್ಳುತ್ತಾಳೆ.

ಮೃತ್ಯುಂಜಯ ಮೊದಲು ಕೂತದ್ದು ಅಸಾದುಲ್ಲಾನ ತಂದೆಯ ಕಾಫಿ ಗೋಡೌನಿನಲ್ಲಿ. ಇನ್ನೂ ಚಡ್ಡಿ ಹಾಕುವ ವಯಸ್ಸು. ತಲೆಯ ಮೇಲೆ ಆ ಬೂದು ಹಲಗೆಗಳು, ಸುತ್ತ ಒಂದೊಂದೇ ಬೀಳುವ ಕಂಬದ ಸದ್ದು, ಎದುರಿಗೆ ಅಪ್ಪ ಕಡುಬು ಮುರಿದು ಚಟ್ನಿಗೆ ಅದ್ದಿ ಅದ್ದಿ ತಿನ್ನುತ್ತಿದ್ದ ಬಾಯಿ. ಒಂದು ಕಂಬ ಜೋರಾಗಿ ಬಿದ್ದಾಗ ಚಡ್ಡಿ ಬೆಚ್ಚಗೆ ಒದ್ದೆಯಾಯಿತು. ಅಪ್ಪ ನೋಡಿದ. ನೋಡಿದವನು ಲೋಟದ ನೀರನ್ನು ಬೇಕೆಂದೇ ಅವನ ತೊಡೆಯ ಮೇಲೆ ಚೆಲ್ಲಿ, ಹೊರಗೆ ನಿಂತವರಿಗೆ ಕೇಳುವಂತೆ, “ನೋಡ್ರಪ್ಪ, ನೀರು ಚೆಲ್ಕೊಂಬುಟ್ಟ ನನ್ಮಗ” ಎಂದು ನಕ್ಕ. ಜನವೂ ನಕ್ಕರು. ಮರ್ಯಾದೆ ಉಳಿಯಿತು. ಮನೆಗೆ ಬಂದ ಮೇಲೆ ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ, ಆದರೆ ಒಂದು ವಾರ ಮಾತಾಡಿಸಲಿಲ್ಲ. ಅಂದಿನಿಂದ ಅವನು ಎಷ್ಟು ಮನೆಗಳ ಕೆಳಗೆ ಕೂತನೋ, ಅಷ್ಟು ಸಲವೂ ಕೂರುವ ಮೊದಲು ನೀರು ಕುಡಿದವನಲ್ಲ. ಇವತ್ತು ಕೂರುವವನು ತಾನಲ್ಲದಿದ್ದರೂ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಎಂಬುದು ಈಗ ಗಂಟಲು ಅಂಟಿಕೊಂಡಾಗ ಗೊತ್ತಾಯಿತು.

ಕೃತಿಕಾ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ ವಾಪಸು ಬಂದು ಆಫೀಸಿನ ಕುರ್ಚಿಯಲ್ಲಿ ಕೂತಾಗ ಅವನಿಗೆ ಸಂತೋಷವಾಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಸಂತೋಷ ಪಟ್ಟವನಿಗೂ ಹೊಟ್ಟೆಕಿಚ್ಚು ಅಂತ ಒಂದಿರುತ್ತದಲ್ಲ. ಅವನದು ಬರಿಯ ಡಿಪ್ಲೊಮಾ. ಬಂದವರು ಅವನಿಗೆ ನಮಸ್ಕಾರ ಮಾಡಿ, ಕೂತು, ನೀರು ಕುಡಿದು, ಆಮೇಲೆ “ಮೇಡಂ ಇಲ್ವಾ ಸಾರ್?” ಎನ್ನುತ್ತಿದ್ದರು. ಇದ್ದಾಳೆ ಎಂದು ಎದ್ದು ಹೋಗಿ ಕರೆಯುವುದು ಅವನ ಕೆಲಸ. ಮಗಳ ನಕ್ಷೆಗಳಲ್ಲಿ ಗೋಡೆಗಳು ಕಡಿಮೆ, ಗಾಜು ಹೆಚ್ಚು. ಕೋಣೆಗಳು ಕೆಳಗೆ ನೆಲವಿಲ್ಲದ ಕಡೆಗೂ ಚಾಚಿಕೊಳ್ಳುತ್ತಿದ್ದವು. ಇದು ನಿಲ್ಲುತ್ತಾ ಎಂದರೆ ಲೆಕ್ಕ ತೋರಿಸುತ್ತಿದ್ದಳು. ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಉಳಿದದ್ದು ನೆಲದ ವಿಚಾರ ಒಂದೇ. ಅದು ಜವರಪ್ಪನ ವಿದ್ಯೆ, ಅದರಲ್ಲಿ ಮಾತ್ರ ಅವನ ಮಾತು ನಡೆಯುತ್ತಿತ್ತು: ಕಟ್ಟುವ ಜಾಗದ ನಾಲ್ಕು ಮೂಲೆಗೂ ಗುಂಡಿ ತೆಗೆದು, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ತುಂಬಿದ ಮೇಲೂ ಮಣ್ಣು ಮಿಕ್ಕರೆ ನೆಲ ಗಟ್ಟಿ. ಸಾಲದೆ ಗುಂಡಿ ತಗ್ಗಾಗಿಯೇ ಉಳಿದರೆ ಆ ನೆಲವನ್ನು ನಂಬಬಾರದು.

ಹೋದ ಬೇಸಿಗೆಯಲ್ಲಿ ಈ ಹೆಗ್ಗದ್ದೆಯ ಗುಡ್ಡದ ಮೇಲೆ ನಿಂತು, ಅಸಾದುಲ್ಲಾನ ಎದುರಿಗೇ ಅವಳು ಆ ಒಂದು ಮಾತನ್ನೂ ಕಿತ್ತುಕೊಂಡಳು. “ಗುಂಡಿ ತೋಡೋದೆಲ್ಲ ತಾತನ ಕಾಲಕ್ಕಾಯ್ತು ಕಣಪ್ಪ. ಹಾಸನದಿಂದ ಮಿಷಿನ್ ತರ್ಸಿ ಮಣ್ಣು ಟೆಸ್ಟ್ ಮಾಡ್ಸೋಣ. ಇದು ಇಳಿಜಾರು” ಎಂದು ನಕ್ಕಳು. ಕೆಟ್ಟ ನಗುವಲ್ಲ, ಮಕ್ಕಳು ಅಪ್ಪಂದಿರ ಹಳೆಯ ಅಂಗಿ ನೋಡಿ ನಗುತ್ತಾರಲ್ಲ ಹಾಗೆ. ಅಸಾದುಲ್ಲಾ ಸಭ್ಯಸ್ಥ. ಅವನೇ ಅಡ್ಡ ಬಂದು, “ಬ್ಯಾಡ ಮೇಡಂ, ನಮ್ಮ ಅಬ್ಬಾನ ಗೋಡೌನಿಗೆ ಜವರಪ್ಪನೋರು ಗುಂಡಿ ತೆಗ್ದೇ ಕಟ್ಟಿದ್ದು. ಇವತ್ತಿಗೂ ಒಂದು ಬಿರುಕಿಲ್ಲ. ಅವ್ರು ಹೆಂಗೆ ಹೇಳ್ತಾರೋ ಹಂಗೇ ಆಗ್ಲಿ” ಎಂದ. ಮೃತ್ಯುಂಜಯ ಆಗ ಭಾಷಣವನ್ನೇ ಮಾಡಿಬಿಟ್ಟ. ಮಿಷಿನ್ನು ನೆಲದ ಒಳಗೆ ನೋಡುತ್ತೆ, ನಾವು ನೆಲದ ಗುಣ ನೋಡ್ತೀವಿ ಎಂದೆಲ್ಲ. ಮೂರು ಮೂಲೆಗಳಲ್ಲಿ ಮಣ್ಣು ಮಿಕ್ಕಿತು. ಒಂದೊಂದು ಸಲ ಮಿಕ್ಕಾಗಲೂ ಅವನ ಬೆನ್ನು ನೆಟ್ಟಗಾಗುತ್ತಿತ್ತು. ನಾಲ್ಕನೆಯದು ಕಣಿವೆಯ ಕಡೆಯ ಮೂಲೆ. ಅಲ್ಲಿ ತೋಡುವಾಗಲೇ ಮಣ್ಣು ಹಿಟ್ಟಿನ ಹಾಗೆ ಸಲೀಸಾಗಿ ಬಂತು. ಮೊದಲಿನ ಮಾಲೀಕ ಯಾವತ್ತೋ ಜೆಸಿಬಿ ತಂದು ಗುಡ್ಡ ಕೊರೆದು ಈ ಕಡೆಗೆ ತಳ್ಳಿ ಸಮ ಮಾಡಿದ್ದ ಮಣ್ಣು ಅದು. ಮೇಲೆ ಲಂಟಾನ ಬೆಳೆದು ಮೊದಲಿನಿಂದ ಇದ್ದ ನೆಲದ ಹಾಗೆ ಕಾಣುತ್ತಿತ್ತು. ಕೃತಿಕಾ ಫೋನಿಗೆ ಸಿಗ್ನಲ್ ಸಿಗದೆ ರಸ್ತೆಯ ಕಡೆ ಹತ್ತಿ ಹೋಗಿದ್ದಳು. ಅಸಾದುಲ್ಲಾ ನೆರಳಿನಲ್ಲಿ ತಾಯಿಯ ಜೊತೆ ಕೂತಿದ್ದ. ಆಳು ಮಣ್ಣೆಲ್ಲ ತುಂಬಿದ ಮೇಲೂ ಗುಂಡಿ ಒಂದು ಮೊಳ ತಗ್ಗಾಗಿ ಬಾಯಿ ತೆರೆದುಕೊಂಡೇ ಇತ್ತು.

ಆಗ ಅವನು ಯೋಚನೆ ಮಾಡಿದನೇ? ಎಷ್ಟು ಸಲ ಕೇಳಿಕೊಂಡಿದ್ದಾನೆ. ಆಳನ್ನು ಟೀ ಕುಡಿಯಲು ಕಳಿಸಿದ. ಸುತ್ತಲ ಮಣ್ಣನ್ನು ಚಪ್ಪಲಿ ಕಾಲಿನಿಂದ ಗುಂಡಿಗೆ ಎಳೆದ. ಕಾಲಿಗೆ ನಿಲುಕದ ಮೇಲೆ ಮೊಣಕಾಲೂರಿ ಕೈಯಿಂದ ಬಾಚಿದ. ಬೆಕ್ಕು ತನ್ನ ಹೊಲಸು ಮುಚ್ಚುವಂತೆ ಬಾಚಿದ. ಗುಂಡಿ ತುಂಬಿತು, ಮೇಲೆ ಒಂದು ಗುಪ್ಪೆಯೂ ಎದ್ದಿತು. ಕೃತಿಕಾ ಇಳಿದು ಬಂದು ಗುಪ್ಪೆ ನೋಡಿ, “ಇದೂ ಮಿಕ್ತಾ? ಆಯ್ತು ಮಾರಾಯ, ನೀನೇ ಗೆದ್ದೆ” ಎಂದು ಅವನ ಹೆಗಲ ಮೇಲೆ ಕೈ ಹಾಕಿದಳು. ಅವಳು ಹಾಗೆ ಕೈ ಹಾಕಿ ಎಷ್ಟು ವರ್ಷವಾಗಿತ್ತೋ. ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನ ಅವಳು ಖುಷಿಯಲ್ಲಿ ನಕ್ಷೆ ತಿದ್ದಿದ್ದಳು. ಕಣಿವೆಯ ಮೂಲೆ ಗಟ್ಟಿ ಅಂತಾಯಿತಲ್ಲ, ಹಿಂದಕ್ಕೆ ಸರಿಸಿದ್ದ ಕೋಣೆಯನ್ನು ಅಂಚಿನ ತನಕ ತಂದು, ಅದರ ಮೋಲ್ಡನ್ನು ಇನ್ನೂ ಮುಂದಕ್ಕೆ ಚಾಚಿದ್ದಳು. ಅಲ್ಲಿಂದ ಇಡೀ ಘಟ್ಟ ಕಾಣುತ್ತೆ ಕಣಪ್ಪ ಎಂದಳು. ಅಡಿಪಾಯದ ದಿನ ಆ ಮೂಲೆಯನ್ನು ಇನ್ನಷ್ಟು ಆಳ ತೆಗೆಸಿದ, ಕಬ್ಬಿಣ ಹೆಚ್ಚು ಹಾಕಿಸಿದ. ಅಪ್ಪಂಗೆ ವಯಸ್ಸಾಯ್ತು, ಹೆದ್ರಿಕೆ ಜಾಸ್ತಿ ಎಂದು ಅವಳು ತಮಾಷೆ ಮಾಡಿದಳು. ಎಷ್ಟು ಆಳ ತೆಗೆಸಿದರೂ ತಳದಲ್ಲಿ ಅದೇ ಹಿಟ್ಟಿನಂಥ ಮಣ್ಣು ಇತ್ತು.

ಕಾರು ನಿಂತಿತು. ಆಸರೆ ಬಿಚ್ಚುವ ಮೇಸ್ತ್ರಿ ರುದ್ರಯ್ಯ ಆಳುಗಳ ಜೊತೆ ಸಿದ್ಧವಾಗಿ ನಿಂತಿದ್ದ. ಅಸಾದುಲ್ಲಾ ಬಿಳಿ ಜುಬ್ಬದಲ್ಲಿ ಓಡಿ ಬಂದು ಬಾಗಿಲು ತೆಗೆದ. ಅವನ ತಾಯಿ ಚಾಂದ್ ಬೀ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಿದ್ದಳು. ಮಂಡಿ ನೋವಿನಿಂದ ಪೇಟೆಯ ಮಹಡಿ ಮನೆಯ ಮೆಟ್ಟಿಲು ಹತ್ತಲಾಗದವಳು. ಈ ಮನೆ ಕಟ್ಟಿಸುತ್ತಿರುವುದೇ ಅವಳಿಗಾಗಿ.

“ಬಾಪ್ಪ ಮೃತ್ಯುಂಜಯ, ಯಾಕೆ ಇಷ್ಟು ಸೊರಗಿದೀಯ? ನಿಮ್ಮಪ್ಪ ನಮ್ಮ ಗೋಡೌನಿಗೆ ಬಂದಾಗ ಆನೆ ಇದ್ದಂಗಿದ್ರು” ಎಂದಳು.

“ವಯಸ್ಸಾಯ್ತಲ್ಲ ಅಮ್ಮ.”

“ನನ್ ಮುಂದೆ ವಯಸ್ಸಿನ ಮಾತಾಡ್ಬ್ಯಾಡ. ಹೋಗು, ಮಗಳನ್ನ ಕೂರ್ಸು. ನೋಡೋಣ.”

ಕೃತಿಕಾ ಆಗಲೇ ಚಾಪೆ ಹಿಡಿದು ಒಳಗೆ ನಡೆದಿದ್ದಳು. ನಡುಮನೆಯಲ್ಲಿ ಹಾಸುತ್ತಾಳೆ ಎಂದು ಅವನು ಎಣಿಸಿದ್ದ. ಅವಳು ನಡುಮನೆ ದಾಟಿ, ಕಣಿವೆಯ ಮೂಲೆಯ ಕೋಣೆಗೆ ಹೋಗಿ, ಚಾಚಿದ ಮೋಲ್ಡಿನ ಬುಡದಲ್ಲಿ ಹಾಸಿ ಕೂತುಬಿಟ್ಟಳು. ಸುತ್ತ ಕಂಬಗಳ ಕಾಡು. ನೀಲಿ ಸೀರೆ ಅದರ ನಡುವೆ ತುಂಬ ಚಿಕ್ಕದಾಗಿ ಕಂಡಿತು. ಅವನು ಡಬ್ಬಿ ಹಿಡಿದುಕೊಂಡು ಹತ್ತಿರ ಹೋದ.

“ಎದ್ದು ನಡುಮನೇಲಿ ಕೂರು. ಇಲ್ಲಿ ನಾನು ಕೂರ್ತೀನಿ” ಎಂದ.

“ನೀನ್ಯಾಕೆ? ಬರ್ದೋಳು ನಾನು. ಮೂಲೆ ಕೋಣೆ ನನ್ ಹಟ, ನಾನೇ ಕೂರ್ಬೇಕು.”

“ಕೃತಿಕಾ.”

“ಹೇಳಪ್ಪ.”

ಅವಳು ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಒಂದಿಷ್ಟೂ ಇರಲಿಲ್ಲ. ಇರಲಿಲ್ಲ ಯಾಕೆ ಎಂದರೆ ಅವನ ಮೇಲೆ ನಂಬಿಕೆ ಇತ್ತು, ಅಷ್ಟೆ. ಮಣ್ಣು ಸಾಲಲಿಲ್ಲ ಮಗಳೇ. ಮೂರೇ ಪದ. ನಾಲಗೆಯ ತುದಿಗೆ ಬಂದಿದ್ದವು. ಆದರೆ ಬಾಗಿಲಲ್ಲಿ ರುದ್ರಯ್ಯ ನಿಂತಿದ್ದ, ಅವನ ಹಿಂದೆ ಅಸಾದುಲ್ಲಾ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ, ಅವರ ಹಿಂದೆ ಆಳುಗಳು, ಅವರೆಲ್ಲರ ಹಿಂದೆ ಈ ಸೀಮೆಯ ಅಷ್ಟೂ ಮೋಲ್ಡುಗಳು ಕಿವಿಗೊಟ್ಟು ನಿಂತಂತೆ ಅವನಿಗೆ ಅನ್ನಿಸಿತು.

“ಕಡುಬು ಆರೋಗುತ್ತೆ, ಬೇಗ ತಿನ್ನು” ಎಂದು ಡಬ್ಬಿ ಕೊಟ್ಟು ಹೊರಗೆ ಬಂದ.

ಪಕ್ಕದಲ್ಲಿ ಕೂರಬಹುದಿತ್ತು. ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಅವನು ಬಾಗಿಲಿನ ಆಚೆ, ಆಕಾಶ ಕಾಣುವಲ್ಲಿ ನಿಂತ. ರುದ್ರಯ್ಯನ ಆಳುಗಳು ಚಾಚಿದ ತುದಿಯಿಂದ ಶುರು ಮಾಡಿದರು. ತುದಿಯಿಂದ ಬುಡಕ್ಕೆ ಬರಬೇಕು, ಅದು ಕ್ರಮ. ಕಂಬದ ಬುಡಕ್ಕೆ ಸುತ್ತಿಗೆಯ ಏಟು, ಬೆಣೆ ಸರಿಯುವ ಸದ್ದು, ಆಮೇಲೆ ಕಂಬ ಮಣ್ಣಿಗೆ ಬೀಳುವ ಸದ್ದು. ಕೃತಿಕಾ ಕಡುಬು ಮುರಿದು ಬಾಯಿಗಿಟ್ಟುಕೊಂಡು, ಅವನ ಕಡೆ ನೋಡಿ, ಚೆನ್ನಾಗಿದೆ ಎಂದು ಬೆರಳು ಮಡಿಸಿ ತೋರಿಸಿದಳು. ಈ ತನಕ ಮೋಲ್ಡಿನ ಭಾರವನ್ನು ಹೊತ್ತವು ಈ ಕಂಬಗಳು. ಒಂದೊಂದು ಕಂಬ ಬಿದ್ದಾಗಲೂ ಅಷ್ಟಷ್ಟು ಭಾರ ಮೂಲೆಗೆ ಹೋಗುತ್ತಿದೆ, ಮೂಲೆಯಿಂದ ಅಡಿಪಾಯಕ್ಕೆ, ಅಡಿಪಾಯದಿಂದ ಅವನು ಕೈಯಾರೆ ಬಾಚಿ ಮುಚ್ಚಿದ ಆ ಬಾಯಿಗೆ. ಅವನಿಗೆ ಅದು ಇಳಿಯುತ್ತಿರುವುದು ಕಾಣಿಸುತ್ತಿತ್ತು, ನಿಜವಾಗಿ ಕಣ್ಣಿಗೆ ಕಾಣುತ್ತಿತ್ತು. ದೇವರೇ ಇದೊಂದು ಸಲ ಎಂದುಕೊಂಡ. ಯಾವ ದೇವರು ಎಂದು ಹೆಸರು ಹಿಡಿಯಲೂ ಆಗಲಿಲ್ಲ. ಇನ್ನೊಂದೇ ಸಾಲು ಉಳಿದಾಗ ಮೇಲೆಲ್ಲೋ ಟಪ್ಪೆಂದು ಸದ್ದಾಯಿತು.

ಎಲ್ಲರ ಕೈಯೂ ನಿಂತಿತು. “ಹಲಗೆ ಬಿಟ್ಕೊಂತು, ಏನಿಲ್ಲ” ಎಂದ ರುದ್ರಯ್ಯ. ಆಳುಗಳು ನಕ್ಕು ಮತ್ತೆ ಸುತ್ತಿಗೆ ಎತ್ತಿದರು. ಕೃತಿಕಾ ಕದಲಿರಲಿಲ್ಲ. ಮೃತ್ಯುಂಜಯ ಮಾತ್ರ ತಾನು ಬಾಗಿಲಿನಿಂದ ಅಂಗಳದ ಮಧ್ಯಕ್ಕೆ ಬಂದಿರುವುದನ್ನು ನೋಡಿಕೊಂಡ. ಯಾವಾಗ ಬಂದೆ? ಸದ್ದಾದ ಕೂಡಲೇ ಕಾಲು ಒಳಕ್ಕೆ ಓಡಲಿಲ್ಲ, ಹಿಂದಕ್ಕೆ ಓಡಿತ್ತು. ಮಗಳು ಕೆಳಗಿದ್ದಳು, ಕಾಲು ಹಿಂದಕ್ಕೆ ಓಡಿತ್ತು. ಬೆನ್ನು ಯಾವುದಕ್ಕೋ ತಾಗಿತು. ತಿರುಗಿದರೆ ಚಾಂದ್ ಬೀಯ ಕುರ್ಚಿ. ಮುದುಕಿ ಅವನನ್ನೇ ನೋಡುತ್ತಿದ್ದಳು.

ಕೊನೆಯ ಕಂಬ ಬಿತ್ತು. ಮೋಲ್ಡು ಇದ್ದಲ್ಲೇ ಇತ್ತು. ಕೃತಿಕಾ ಖಾಲಿ ಡಬ್ಬಿಯನ್ನು ಬೋರಲು ಹಿಡಿದು ತೋರಿಸಿ, ಸೀರೆ ಕೊಡವಿಕೊಂಡು ಹೊರಗೆ ಬಂದಳು. ಚಪ್ಪಾಳೆ ಬಿತ್ತು. ಅಸಾದುಲ್ಲಾ ಎಲ್ಲರ ಕೈಗೂ ಜಿಲೇಬಿ ಕೊಟ್ಟ. ಅವಳು ಬಂದು ಅಪ್ಪನ ಭುಜಕ್ಕೆ ಭುಜ ತಾಗಿಸಿ ನಿಂತಾಗ ಮೃತ್ಯುಂಜಯನಿಗೆ ಅಳು ಬರುವಷ್ಟು ಹಗುರವಾಯಿತು. ಬಂದಳು, ಹೊರಗೆ ಬಂದಳು, ಇನ್ನೇನಾದರೂ ಆಗಲಿ. ಈ ಮಾತು ಮನಸ್ಸಿನಲ್ಲಿ ಮೂಡಿದ್ದು ಅವನಿಗೆ ಕೇಳಿಸಿತು. ಇನ್ನೇನಾದರೂ ಆಗಲಿ ಎಂದರೆ ಏನು? ಅಪ್ಪ ಇಷ್ಟು ವರ್ಷ ನಮ್ಮನ್ನೆಲ್ಲ ಕೂರಿಸಿ ತೋರಿಸಿದ್ದು ಒಂದು ಹೊತ್ತಿನ ಊಟದಷ್ಟು ಧೈರ್ಯವನ್ನು ಮಾತ್ರ. ನಾವು ಎದ್ದು ಬರುತ್ತೇವೆ. ಆಮೇಲೆ ಮನೆ ಕಟ್ಟಿಸಿಕೊಂಡವರು ಒಳಗೆ ಹೋಗಿ ಮಲಗುತ್ತಾರೆ, ಮಳೆಗಾಲದ ಮೇಲೆ ಮಳೆಗಾಲ. ಘಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಅವನು ಜಿಲೇಬಿಯನ್ನು ಬಾಯಿಗಿಟ್ಟುಕೊಂಡ. ಸಿಹಿ ಹತ್ತಲಿಲ್ಲ, ಆದರೂ ನುಂಗಿದ.

“ನನ್ನ ಕುರ್ಚಿ ಆ ಮೂಲೆ ಕೋಣೆಗೆ ಹಾಕ್ರೋ” ಎಂದಳು ಚಾಂದ್ ಬೀ. ಆಳೊಬ್ಬ ಕುರ್ಚಿ ಒಯ್ದ. ಅವಳು ಮಗನ ತೋಳು ಹಿಡಿದು ನಿಧಾನವಾಗಿ ನಡೆದು ಹೋಗಿ, ಕೃತಿಕಾ ಕೂತಿದ್ದ ಚಾಪೆಯ ಪಕ್ಕದಲ್ಲೇ ಕೂತು, ಮುಂದಿನ ಕಣಿವೆಯನ್ನು ಬಹಳ ಹೊತ್ತು ನೋಡಿದಳು. ಅಸಾದುಲ್ಲಾ ಆಳುಗಳಿಗೆ ಊಟ ಹೇಳಲು ಹೊರಗೆ ಬಂದ. ಕೃತಿಕಾ ಚಾಪೆ ಸುತ್ತಲು ಒಳಗೆ ಹೋಗಿದ್ದಳು. ಮೃತ್ಯುಂಜಯ ಬಾಗಿಲ ಚೌಕಟ್ಟಿನ ತನಕ ಹೋಗಿ ನಿಂತ.

“ಮೃತ್ಯುಂಜಯ, ಈ ಕೋಣೆ ನಂಗೇ ಇರ್ಲಿ ಅಂತೀನಿ. ಇಲ್ಲೇ ಮಂಚ ಹಾಕುಸ್ಕೊಂಡು, ಹೊರಗೆ ನೋಡ್ತಾ ಇದ್ದುಬುಡ್ತೀನಿ. ಆಗ್ತೈತಾ?”

“ಆಗ್ತೈತೆ ಅಮ್ಮ. ಒಳ್ಳೆ ಕೋಣೆ.”

“ಹಂಗಾದ್ರೆ ಒಳಗೆ ಬಾ. ಮಂಚ ಯಾವ ಕಡೆ ಹಾಕ್ಬೇಕು, ನಿಂತು ತೋರ್ಸು.”

ಅವನು ಕಾಲೆತ್ತಲು ನೋಡಿದ. ಕಾಲು ಏಳಲಿಲ್ಲ. “ಇರ್ಲಿ ಬಿಡಿ ಅಮ್ಮ, ಚಪ್ಪಲಿ ಎಲ್ಲಾ ಮಣ್ಣಾಗೈತೆ” ಎಂದ.

ಕೋಣೆಗೆ ಇನ್ನೂ ನೆಲ ಹಾಕಿರಲಿಲ್ಲ. ಒಳಗೂ ಬರಿಯ ಮಣ್ಣು. ಚಾಂದ್ ಬೀ ಆ ಮಣ್ಣನ್ನು ನೋಡಿದಳು, ಊರುಗೋಲಿನ ತುದಿಯಿಂದ ಅದನ್ನೊಮ್ಮೆ ಒತ್ತಿದಳು. ಚಾಪೆ ಸುತ್ತುತ್ತಿದ್ದ ಕೃತಿಕಾಳ ಕೈ ನಿಂತಿತು. ಅವಳು ಅಪ್ಪನ ಮುಖ ನೋಡಲಿಲ್ಲ. ಚೌಕಟ್ಟಿನ ಆಚೆಗೇ ನಿಂತುಬಿಟ್ಟಿದ್ದ ಅವನ ಕಾಲುಗಳನ್ನು ನೋಡಿದಳು. ತಾವು ಕಟ್ಟಿಸಿದ ಮೋಲ್ಡಿನ ಕೆಳಗೆ ಹೋಗಲು ತನ್ನ ಮನೆಯವರು ಹಿಂದೆ ಮುಂದೆ ನೋಡಿದ್ದನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ನೋಡುತ್ತ ನೋಡುತ್ತ ಅವಳ ಮುಖದಿಂದ ಬೆಳಗಿನ ಖುಷಿ ಎಲ್ಲ ಇಳಿದುಹೋಯಿತು. ಚಾಪೆಯನ್ನು ಅಲ್ಲೇ ಬಿಟ್ಟು ಮುದುಕಿಯ ಬಳಿಗೆ ಹೋದಳು.

“ಅಮ್ಮ, ಎದ್ದು ಹೊರಗೆ ಬನ್ನಿ.”

“ಈಗ್ತಾನೆ ಕೂತೆ ಕಣಮ್ಮ. ಯಾಕೆ?”

ಕೃತಿಕಾ ಚಾಂದ್ ಬೀಯ ಎರಡೂ ಕೈ ಹಿಡಿದು ಎಬ್ಬಿಸಿ, ಒಂದೊಂದೇ ಹೆಜ್ಜೆ ಇಡಿಸುತ್ತ ಕರೆತಂದಳು. ಅವರಿಬ್ಬರೂ ದಾಟಿ ಬರಲೆಂದು ಮೃತ್ಯುಂಜಯ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.